ಗಂಟಿನಲ್ಲಿದ್ದ ಶಾಲುಗಳು

ಗೋಕಾಕದಲ್ಲಿ ಯಾವ ಸಭೆ ನಡೆದರೂ ಕೊನೆಗೆ ನನ್ನ ಹೆಗಲ ಮೇಲೊಂದು ಶಾಲು ಬೀಳುತ್ತಿತ್ತು. ಶಿಕ್ಷಕರ ದಿನಾಚರಣೆ, ಮಹಿಳಾ ಮಂಡಳದ ಸಭೆ, ಕಣ್ಣಿನ ತಪಾಸಣೆಯ ಶಿಬಿರ, ಯಾರದೋ ಹೊಸ ಕಟ್ಟಡದ ಉದ್ಘಾಟನೆ. "ನನಗ್ಯಾಕ್ರಿ ಇದೆಲ್ಲ" ಎಂದು ಕೈ ಅಡ್ಡ ಹಿಡಿಯುತ್ತಿದ್ದೆ. ಆದರೆ ನನ್ನ ಹೆಸರು ಕರೆಯುವುದು ಸ್ವಲ್ಪ ತಡವಾದರೂ ಕುರ್ಚಿಯಲ್ಲಿ ಕೂತಲ್ಲೇ ಚಡಪಡಿಸುತ್ತಿದ್ದೆ. ಮನೆಗೆ ಬಂದ ಮೇಲೆ ಶಾಲನ್ನು ಮಡಚಿ, ನುಸಿಗುಳಿಗೆ ಹಾಕಿ ಟ್ರಂಕಿನಲ್ಲಿಡುತ್ತಿದ್ದೆ. ಅದರಲ್ಲಿ ಒಂದನ್ನೂ ಹೊದ್ದವಳಲ್ಲ.

ಇಪ್ಪತ್ತೊಂದನೆಯ ವಯಸ್ಸಿಗೆ ಹುಕ್ಕೇರಿ ಕಡೆಯ ಒಂದು ಹಳ್ಳಿಯಲ್ಲಿ ಶಿಕ್ಷಕಿಯಾಗಿ ಕೆಲಸಕ್ಕೆ ಸೇರಿದೆ. ಅಲ್ಲಿ ಶಾಲೆಯೆಂದರೆ ಗುಡಿಯ ಪಡಸಾಲೆ. ಸಂಕೇಶ್ವರದ ಬಸ್ಸು ಇಳಿದು ಹೊಲದ ದಾರಿಯಲ್ಲಿ ನಡೆದು ಹೋಗಬೇಕಿತ್ತು. ಆಮೇಲೆ ಮೂಡಲಗಿ, ಕೊನೆಗೆ ಗೋಕಾಕ. ತಮ್ಮಂದಿರನ್ನು ಓದಿಸಿ ದಡ ಮುಟ್ಟಿಸುವಷ್ಟರಲ್ಲಿ ಮದುವೆಯ ವಯಸ್ಸು ದಾಟಿತ್ತು, ಅದರ ಬಗ್ಗೆ ದೊಡ್ಡ ದುಃಖವೇನೂ ಇಲ್ಲ. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಶಾಲೆ ಬಿಟ್ಟ ಮಕ್ಕಳನ್ನು ಹುಡುಕಿ ಕರೆತಂದೆ, ಕಣ್ಣು ಮಂಜಾದ ಮುದುಕಿಯರನ್ನು ಘಟಪ್ರಭಾದ ದವಾಖಾನೆಗೆ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಹೊಳೆ ಉಕ್ಕಿ ಬಂದಾಗೆಲ್ಲ ಶಾಲೆಯಲ್ಲಿ ಒಲೆ ಹೂಡಿ ಅನ್ನ ಬೇಯಿಸಿದೆ. ಹೀಗೆ ಟ್ರಂಕು ತುಂಬಿತು.

ನನ್ನ ಮನೆಯ ಹಿಂದೆ ಒಬ್ಬ ಬಡಿಗನ ಮನೆ. ಅವನ ಹೆಂಡತಿ ಮೂಡಲಗಿಯಲ್ಲಿ ನನ್ನ ಕೈಯಲ್ಲಿ ಓದಿದವಳು. ಐದನೆಯ ಇಯತ್ತೆಗೆ ಶಾಲೆ ಬಿಡಿಸಿ ತಮ್ಮಂದಿರನ್ನು ಆಡಿಸಲು ಕೂರಿಸಿದ್ದ ಅವಳ ಅಪ್ಪನ ಹತ್ತಿರ ಹೋಗಿ ನಾನು ದಿನಾ ಜಗಳವಾಡಿದ್ದೆ. ಆತ ಸಂತೆಯಲ್ಲಿ ಬಳೆ ಮಾರುತ್ತಿದ್ದ. ಕೊನೆಗೆ, "ಈ ಅಕ್ಕೋರ ಕಾಟ ತಡಿಯಾಕ ಆಗಂಗಿಲ್ಲ, ಹೋಗವ್ವ ಸಾಲಿಗೆ" ಎಂದು ಕಳಿಸಿದ್ದ. ಅವಳು ಮದುವೆಯಾಗಿ ನನ್ನ ಹಿಂದಿನ ಮನೆಗೇ ಬಂದು ನೆಲೆಸಿದ್ದು ನನಗೆ ಹೆಮ್ಮೆಯಾಗಿತ್ತು. ಮನೆಗೆ ಬಂದವರಿಗೆಲ್ಲ ಅವಳ ಕಥೆ ಹೇಳುತ್ತಿದ್ದೆ.

ಆ ಮಳೆಗಾಲದಲ್ಲಿ ಹಿಡಕಲ್ ಡ್ಯಾಮಿನಿಂದ ನೀರು ಬಿಟ್ಟ ಸುದ್ದಿ ಬೆಳಿಗ್ಗೆಯೇ ಬಂತು. ನಾನು ಕೊಡೆ ಹಿಡಿದು ಓಣಿಯ ಮನೆಮನೆಗೂ ಹೋಗಿ ಎಲ್ಲರನ್ನೂ ಎಬ್ಬಿಸಿದೆ. ಜನ ಗಂಟು ಮೂಟೆ ಹೊತ್ತು ದಿನ್ನೆಯ ಮೇಲಿನ ಶಾಲೆಗೆ ಹೊರಟರು. ಬಡಿಗನ ಹೆಂಡತಿ ಅತ್ತೆಯ ಕೈ ಹಿಡಿದುಕೊಂಡು ನನ್ನ ಬಾಗಿಲಲ್ಲಿ ನಿಂತಳು.

"ನೀವೂ ನಡೀರಿ ಅಕ್ಕೋರ."

"ನೀ ಮುಂದ ನಡಿಯವ್ವ. ನಾ ಬಂದೆ."

ಒಳಗೆ ಹೋದವಳಿಗೆ ಟ್ರಂಕು ಕಂಡಿತು. ನನ್ನ ಮೆಟ್ಟಿಲು ಏರಿ ಹೊಳೆ ಎಂದೂ ಬಂದದ್ದಿಲ್ಲ, ಆದರೂ ಇರಲಿ ಎಂದು ಶಾಲುಗಳನ್ನು ಒಂದೊಂದಾಗಿ ತೆಗೆದು ಹಾಸುಬಟ್ಟೆಯಲ್ಲಿ ಜೋಡಿಸತೊಡಗಿದೆ. ಇದು ಯಾವ ಸಭೆಯದು, ಇದನ್ನು ಹೊದಿಸಿದವರು ಯಾರು ಎಂದು ನೆನೆಯುತ್ತಾ ಕೂತುಬಿಟ್ಟೆ. ಗಂಟು ಕಟ್ಟಿ ಎದ್ದಾಗ ಅಡುಗೆಮನೆಯಲ್ಲಿ ಪಾತ್ರೆಗಳು ತೇಲುತ್ತಿದ್ದವು. ಬಾಗಿಲಿಗೆ ಬಂದರೆ ನೀರು ಮೊಣಕಾಲಿಗೆ ಬಂದಿತ್ತು. ಕೆಂಪು ನೀರು, ಅದರ ಸೆಳೆತಕ್ಕೆ ಹೊಸ್ತಿಲು ದಾಟಲು ಧೈರ್ಯವಾಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ಕೂಗಿದೆ.

ಬಡಿಗ ಆಗಷ್ಟೇ ಓಣಿಗೆ ಹಿಂತಿರುಗಿ ಬಂದಿದ್ದ. ಹೆಂಡತಿಯನ್ನೂ ತಾಯಿಯನ್ನೂ ಶಾಲೆಗೆ ಮುಟ್ಟಿಸಿ, ತನ್ನ ಹತಾರಗಳ ಡಬ್ಬಿ ಒಯ್ಯಲು ಬಂದವನು. ಉಳಿ, ಬಾಚಿ, ಗರಗಸ, ಮರ ಹೆರೆಯುವ ರಂದಾ. ಅಪ್ಪನಿಂದ ಬಂದವು, ಅವನ ದುಡಿಮೆಯೆಲ್ಲ ಅದರಲ್ಲೇ. ನನ್ನ ದನಿ ಕೇಳಿ ಎದೆಮಟ್ಟದ ನೀರಿನಲ್ಲಿ ನನ್ನ ಬಾಗಿಲಿಗೆ ಬಂದ.

"ಬೆನ್ನ ಮ್ಯಾಲ ಬರ್ರಿ ಅಕ್ಕೋರ. ಕುತ್ತಿಗಿಗೆ ಕೈ ಹಾಕ್ರಿ."

"ಈ ಗಂಟು?"

"ಬಿಡ್ರಿ ಅದನ್ನ. ಒಂದ ಕೈಯಾಗ ನಿಮ್ಮನ್ನ ಹಿಡಿತೀನಿ, ಇನ್ನೊಂದರಾಗ ಡಬ್ಬಿ ತಗೋತೀನಿ."

"ಅದರಾಗ ಜರೂರಿ ಸಾಮಾನ ಅದಾವಪ್ಪ," ಎಂದೆ.

ಅವನು ನನ್ನ ಮುಖ ನೋಡಿದ. ಗಂಟನ್ನು ತಲೆಯ ಮೇಲಿಟ್ಟು ಒಂದು ಕೈಯಲ್ಲಿ ಹಿಡಿದ, ಇನ್ನೊಂದರಲ್ಲಿ ನನ್ನ ಕಾಲು ಹಿಡಿದ. ಮನೆಗೇ ತಾಗಿದ್ದ ತನ್ನ ಅಂಗಡಿಯ ಮುಂದೆ ಹಾಯುವಾಗ ಅರೆಕ್ಷಣ ನಿಂತ. ಕಿಟಕಿಯ ಕಟ್ಟೆಯ ಮೇಲೆ ಡಬ್ಬಿ ಇನ್ನೂ ನೀರಿಗೆ ಸಿಗದೆ ಕೂತಿತ್ತು. ಅದು ನನಗೂ ಕಂಡಿತು. ನಾನು ಬಾಯಿ ಬಿಡಲಿಲ್ಲ.

ನನ್ನನ್ನು ದಿನ್ನೆಗೆ ಮುಟ್ಟಿಸಿ, ಡಬ್ಬಿಗಾಗಿ ಮತ್ತೆ ಇಳಿಯಲು ಹೋದವನನ್ನು ಪೊಲೀಸರು ತಡೆದರು. ನೀರು ಆಗಲೇ ಸೂರು ಮುಟ್ಟಿತ್ತು.

ಶಾಲೆಯಲ್ಲಿ ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿದರು. ಎಷ್ಟೋ ವರ್ಷ ನಾನೇ ಅನ್ನ ಬಡಿಸಿದ ವರಾಂಡ ಅದು. ಯಾರೋ ತಟ್ಟೆ ತಂದು ಕೈಗಿಟ್ಟರು. ಗಂಟು ನನ್ನ ಪಕ್ಕದಲ್ಲೇ ಇತ್ತು. ಮಳೆಯ ಇರಚಲಿಗೆ ಕೂಸುಗಳು ನಡುಗುತ್ತಿದ್ದವು, ಹೊದಿಕೆ ತರುವ ಗಾಡಿ ಇನ್ನೂ ಬಂದಿರಲಿಲ್ಲ. ಬಡಿಗನ ಹೆಂಡತಿ ಬಂದು, "ಬಿ.ಪಿ. ಗುಳಿಗಿ ತಗೊಂಡ್ರಿ ಅಕ್ಕೋರ? ಗಂಟಿನ್ಯಾಗ ಅದಾವೇನು?" ಎಂದು ತಾನೇ ಬಿಚ್ಚತೊಡಗಿದಳು. ನಾನು ಅವಳ ಕೈ ಹಿಡಿಯಲು ಹೋದೆ. ಅಷ್ಟರಲ್ಲಿ ಜರಿಯಂಚಿನ ಶಾಲುಗಳು ನೆಲದ ಮೇಲೆ ಹರಡಿದವು.

ಯಾರೂ ನಗಲಿಲ್ಲ. ಗುಳಿಗೆಗಳು ಮನೆಯ ಗೂಡಿನಲ್ಲೇ ಉಳಿದಿದ್ದವು. ಅವಳು ಒಂದು ಶಾಲನ್ನು ಎತ್ತಿ ನೋಡಿದಳು, ಆಮೇಲೆ ಗಂಡನ ಬರಿಗೈಗಳನ್ನು ನೋಡಿದಳು.

"ಕೂಸುಗಳಿಗೆ ಹೊಚ್ಚಲೇನ್ರಿ?"

"ಹೊಚ್ಚವ್ವ," ಎಂದೆ. ಸ್ವಲ್ಪ ಹೊತ್ತಿನಲ್ಲಿ ವರಾಂಡದ ತುಂಬ ನನ್ನ ಸನ್ಮಾನಗಳನ್ನು ಹೊದ್ದ ಮಕ್ಕಳು ಓಡಾಡುತ್ತಿದ್ದರು. ನೋಡಿದವರು, "ಅಕ್ಕೋರು ನೋಡ್ರಿ, ಮಕ್ಕಳ ಸಲುವಾಗಿ ತಂದಾರ" ಎಂದರು. ನಾನು ಅಲ್ಲ ಎನ್ನಲಿಲ್ಲ. ತಲೆ ಬಗ್ಗಿಸಿ ತಟ್ಟೆಯಲ್ಲಿದ್ದ ಅನ್ನ ಕಲಸಿದೆ.

ನೀರು ಇಳಿದ ಮೇಲೆ ಬಡಿಗ ಕೆಸರು ಬಗೆದು ಹತಾರಗಳನ್ನು ಹುಡುಕಿದ. ಕೆಲವು ಸಿಕ್ಕವು. ಅವನಪ್ಪನ ರಂದಾ ಮಾತ್ರ ಸಿಗಲಿಲ್ಲ. ನಾನು ಅವನ ಅಂಗಳದಲ್ಲಿ ಕೂತು ಸೀಮೆಎಣ್ಣೆ ಹಚ್ಚಿ ಉಳಿಗಳ ತುಕ್ಕು ಉಜ್ಜಿದೆ. ಹೆಂಡತಿ ಒಳಗಿದ್ದಾಗ ಅವನು ದನಿ ತಗ್ಗಿಸಿ ಹೇಳಿದ:

"ನಾ ಬರೂದ್ರಾಗ ಡಬ್ಬಿ ಮುಳುಗಿತ್ತು ಅಂತ ಆಕಿಗೆ ಹೇಳೇನ್ರಿ. ನೀವೂ ಹಂಗ ಹೇಳ್ರಿ. ಆಕಿಗೆ ನಿಮ್ಮ ಮ್ಯಾಲ ಭಾಳ ಅಭಿಮಾನ ಐತಿ."

ನಾನು ತಲೆಯಾಡಿಸಿದೆ. ನನ್ನ ಅಡುಗೆಮನೆಯ ಗೋಡೆ ಒಣಗುವವರೆಗೆ ಅವಳು ದಿನಾ ರೊಟ್ಟಿ, ಪಲ್ಲೆ ತಂದುಕೊಟ್ಟಳು. ಗಂಡ ಬೇರೆಯವರ ಹತಾರ ಎರವಲು ತಂದು ಕೂಲಿಗೆ ಹೋಗುತ್ತಿದ್ದ. ಆ ರೊಟ್ಟಿ ಬೇಡ ಎನ್ನಲು ಕಾರಣ ಹೇಳಬೇಕಲ್ಲ. ನಾನು ನೀತಿಪಾಠ ಹೇಳಿಕೊಟ್ಟ ಹುಡುಗಿ ಅವಳು. ದಿನಗಳು ಹಾಗೆಯೇ ಹೋದವು.

ಒಂದು ಮಧ್ಯಾಹ್ನ ತಡೆಯಲಾಗದೆ ಅವಳ ಮನೆಗೆ ಹೋದೆ. ಅವಳು ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ನಿಂತಲ್ಲೇ ಎಲ್ಲವನ್ನೂ ಹೇಳಿದೆ: ಡಬ್ಬಿ ಮುಳುಗಿರಲಿಲ್ಲ, ಗಂಟು ಬಿಡು ಎಂದರೂ ನಾನು ಬಿಡಲಿಲ್ಲ, ಶಾಲುಗಳನ್ನು ಮಕ್ಕಳಿಗಾಗಿ ತಂದಿರಲಿಲ್ಲ.

ಅವಳು ಕೈ ನಿಲ್ಲಿಸಲಿಲ್ಲ.

"ಗಂಟು ಬಿಚ್ಚಿದಾಗನ ನಂಗ ತಿಳಿದಿತ್ರಿ ಅಕ್ಕೋರ. ಡಬ್ಬಿ ತರಾಕ ಹೋದಾವ್ರು ಗಂಟು ಹೊತ್ಕೊಂಡು ಬಂದಿದ್ರು. ನೀವು ಖರೆ ಹೇಳ್ತೀರೋ ಇಲ್ಲೋ ಅಂತ ಕಾಯಾಕತ್ತಿದ್ದೆ."

"ತಡಾ ಮಾಡಿದೆ," ಎಂದೆ.

"ಹೌದ್ರಿ, ಭಾಳ ತಡಾ ಮಾಡಿದ್ರಿ."

ಇಷ್ಟು ಹೇಳಿ ಉಳ್ಳಾಗಡ್ಡಿಯನ್ನು ಬುಟ್ಟಿಗೆ ಹಾಕಿ ಒಳಗೆ ಹೋದಳು. ಕೂರಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ನಾನು ಮನೆಗೆ ಬಂದೆ. ಸಂಜೆ ಎಂದಿನಂತೆ ರೊಟ್ಟಿ ಬಂತು. ಅದನ್ನು ತಂದುಕೊಟ್ಟವನು ಅವಳ ಗಂಡ.

ಶಿಬಿರಗಳಿಗೆ ಈಗಲೂ ಹೋಗುತ್ತೇನೆ. ಕಳೆದ ತಿಂಗಳು ಅರಭಾವಿಯಲ್ಲಿ ಒಂದು ಸಭೆಗೆ ಕರೆದಿದ್ದರು, ಶಾಲು ಬೇಡವೆಂದು ಮೊದಲೇ ಹೇಳಿದೆ. ಅವರು ಅದನ್ನು ನನ್ನ ದೊಡ್ಡತನವೆಂದು ಮೈಕಿನಲ್ಲಿ ಸಾರಿದರು, ಜನ ಚಪ್ಪಾಳೆ ತಟ್ಟಿದರು. ಮುಖ ಎಲ್ಲಿಡುವುದೆಂದು ತಿಳಿಯದೆ ಊಟಕ್ಕೂ ನಿಲ್ಲದೆ ಬಸ್ಸು ಹತ್ತಿ ಬಂದೆ.