ಕೊರಳಿಗೆ ಹಾಕುವ ಡಬ್ಬಿ

ಮಗಳು ಎರಡು ವರ್ಷದವಳಿದ್ದಾಗ ನನ್ನ ಗಂಡನ ಕಣ್ಣು ಹೋದವು. ಆಮೇಲೆ ಅವನು ಮನೆಯ ಕಟ್ಟೆಯ ಮೇಲೆ ಕೂತು ಕುರ್ಚಿಗಳಿಗೆ ಬೆತ್ತ ಹೆಣೆಯುತ್ತಿದ್ದ. ನಾನು ಆಳಂದದ ದಾಲ್ ಮಿಲ್ಲಿಗೆ ತೊಗರಿ ಹಸನು ಮಾಡಲು ಹೋಗುತ್ತಿದ್ದೆ. ಕಚೇರಿ, ಬಜಾರು, ಕ್ಷೌರ, ಎಲ್ಲವೂ ರಸ್ತೆಯ ಆಚೆ. ನಡುವೆ ಖಜೂರಿ ಕಡೆಯ ಲಾರಿಗಳು. ಎಲ್ಲಿಗೆ ಹೋಗಬೇಕೆಂದರೂ ನಾನೇ ದಾಟಿಸಬೇಕು. ಇಲ್ಲಿ ಅವನು ಎಂದು ಬರೆಯುತ್ತಿದ್ದೇನೆ, ಎದುರಿಗೆ ಎಂದೂ ಹಾಗೆ ಅಂದವಳಲ್ಲ.

ಒಂದು ಮನೆಗೆ ಮಾತ್ರ ನಾನು ದಾಟಿಸುತ್ತಿರಲಿಲ್ಲ. ಅದು ಅವನ ಅಕ್ಕನ ಮನೆ. ಆಕೆಗೆ ನನ್ನ ಮಗಳು ಸೊಸೆಯಾಗಿ ಬೇಕಿತ್ತು. ಹುಡುಗಿ ಆಗಷ್ಟೇ ಮೆಟ್ರಿಕ್ ಪಾಸಾಗಿದ್ದಳು. ಅವಳು ಟ್ರೈನಿಂಗ್ ಓದಿ ಶಾಲೆಯ ಬಾಯಿ, ಅಂದರೆ ಟೀಚರ್, ಆಗಬೇಕು, ಮದುವೆ ಆಮೇಲೆ ಎಂದು ನಾನು ಹಟ ಹಿಡಿದೆ. "ನೀ ಹೇಳಿದಂಗೇ ಆಗಲಿ ಬಿಡು" ಎಂದಿದ್ದ ಗಂಡ. ನಂಬಿದೆ.

ಆಗಲೇ ಶಾಲೆಯ ಅಂಗಳದಲ್ಲಿ ಕಣ್ಣಿನ ಕ್ಯಾಂಪ್ ನಡೆಯಿತು. ಪರವೂರಿನ ಒಬ್ಬ ಇಂಜಿನಿಯರ್ ಕಣ್ಣಿಲ್ಲದವರು ಕೊರಳಿಗೆ ಹಾಕಿಕೊಳ್ಳುವ ಡಬ್ಬಿ ತಂದಿದ್ದ. ಚರ್ಮದ ಪಟ್ಟಿ, ಒಳಗೆ ಸೆಲ್ಲು. ಮುಂದೆ ಏನಾದರೂ ಅಡ್ಡ ಬಂದರೆ ಪೀಂ ಎಂದು ಒದರುವುದು, ಹತ್ತಿರವಾದಷ್ಟೂ ಬೇಗಬೇಗ ಒದರುವುದು.

"ಓಡಿ ಬರೋ ಲಾರೀನ ಕಿವಿಯಿಂದಲೇ ಕೇಳಬೇಕು. ನಿಂತ ಗಾಡಿ, ಎತ್ತು, ಕಂಬ ಇದು ಹೇಳುತ್ತೆ. ಆರು ತಿಂಗಳು ಇಟ್ಕೊಂಡು ನೋಡಿ" ಎಂದ.

ಗಂಡನ ಕೊರಳಿಗೆ ಹಾಕಿದರೆ ಡಬ್ಬಿ ಬಾಯಿ ಮುಚ್ಚಲೊಲ್ಲದು. ಬಯಲಿಗೆ ನಿಲ್ಲಿಸಿದರೂ ಪೀಂ ಪೀಂ. ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆ ಡಬ್ಬಿಯ ಮುಂದೆ ತೂಗಾಡುತ್ತಿತ್ತು.

"ಅದನ್ನ ಸ್ವಲ್ಪ ತೆಗೆದಿಡಿ" ಎಂದ ಇಂಜಿನಿಯರ್.

"ಜೀವ ಬೇಕಾದ್ರ ತಗೀರಿ, ಲಿಂಗ ತಗಿಯಂಗಿಲ್ರಿ" ಎಂದ ಗಂಡ.

"ತೋಳಿಗಿ ಕಟ್ಟಿಕೊಳ್ರಿ. ಕಟ್ಟಿಕೊಂಡವರು ಇಲ್ಲೇನು?" ಎಂದೆ ನಾನು.

"ನಮ್ಮಪ್ಪ ಎದಿ ಮ್ಯಾಲ ಹಾಕ್ಯಾನ, ಎದಿ ಮ್ಯಾಲೇ ಇರ್ತದ. ನೀ ಸುಮ್ಕಿರು ಬೇ."

ಕೊಟ್ಟಿದ್ದನ್ನು ಬೇಡ ಎನ್ನಲಾರದೆ ತಂದು ಗೂಟಕ್ಕೆ ತೂಗುಹಾಕಿದೆವು. "ಲಿಂಗಕ್ಕ ಒದರೋ ಡಬ್ಬಿ ನನಗ ಬ್ಯಾಡ" ಎಂದ. ನನ್ನ ಗಂಡ ಎಂಥ ನಿಷ್ಠಾವಂತ ಎಂದು ಮಿಲ್ಲಿನ ಹೆಂಗಸರ ಮುಂದೆ ನಾನೇ ಹೇಳಿಕೊಂಡು ತಿರುಗಿದೆ.

ಒಂದು ದಿನ ಕರೆಂಟು ಹೋಗಿ ಮಿಲ್ಲು ನಿಂತಿತು. ಮಧ್ಯಾಹ್ನವೇ ಮನೆಗೆ ಬಂದೆ. ಕಟ್ಟೆಯ ಮೇಲೆ ಅವನಿಲ್ಲ. ತಲೆ ಎತ್ತಿದರೆ ರಸ್ತೆಯ ಆಚೆ ದಂಡೆಯಲ್ಲಿ ನಿಂತಿದ್ದಾನೆ. ಎದೆಯ ಮೇಲೆ ಡಬ್ಬಿ ಒಂದೇ ಇದೆ. ಲಿಂಗ ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಿದೆ.

ಲಾರಿ ಹೋಗುವ ತನಕ ಕಿವಿಗೊಟ್ಟು ನಿಂತ. ಆಮೇಲೆ ಇಳಿದ. ನಡುವೆ ಯಾರೋ ನಿಲ್ಲಿಸಿದ್ದ ಎತ್ತಿನ ಗಾಡಿಗೆ ಡಬ್ಬಿ ಒದರಿತು. ಎಡಕ್ಕೆ ಸರಿದು, ಗಾಡಿ ಬಳಸಿ, ಸೀದಾ ಈಚೆ ಬಂದ. ಮೊದಲ ದಿನದ ನಡಿಗೆ ಅಲ್ಲ ಅದು, ಎಷ್ಟೋ ಸಲ ನಡೆದು ರೂಢಿಯಾದ ನಡಿಗೆ. ಆದರೂ ನನಗೆ ಮೊದಲು ಹಿಗ್ಗೇ ಆಯಿತು. ಹತ್ತಿರ ಬಂದಾಗ ಹೆಗಲ ಮೇಲೆ ಹೊಸ ಟವೆಲ್ಲು ಕಂಡಿತು, ಮೀಸೆಯಲ್ಲಿ ಸಕ್ಕರೆ ಹರಳು.

ನಮ್ಮಲ್ಲಿ ಹಿರಿಯರ ಮುಂದೆ ಎರಡೂ ಕಡೆಯವರು ಸಕ್ಕರೆ ತಿಂದರೆ ಹೆಣ್ಣು ಕೊಟ್ಟ ಹಾಗೆ.

"ಯಾರ ಮನ್ಯಾಗ ಸಕ್ಕರಿ ತಿಂದ್ರಿ?" ಎಂದೆ.

ಬೆಚ್ಚಿಬಿದ್ದ. "ನೀ ಮಿಲ್ಲಿಗಿ ಹೋಗಿದ್ದಿಲ್ಲೇನು?"

"ಯಾರ ಮನ್ಯಾಗ?"

"ಅಕ್ಕನ ಮನ್ಯಾಗ. ನಾಕು ಮಂದಿ ಹಿರ್ಯಾರು ಕುಂತಿದ್ರು. ಮಾತು ಮುಗದದ."

"ಹುಡುಗಿ ತಾಯಿ ಸತ್ತಾಳಂತ ಹೇಳಿದ್ರೇನು ಅವರಿಗಿ?"

"ನಿನಗ ಹೇಳಿದ್ರ ನೀ ದಾಟಸ್ತಿದ್ದೇನು?"

ದಾಟಿಸುತ್ತಿರಲಿಲ್ಲ, ನಿಜ. ಆದರೆ ಡಬ್ಬಿ ಬೇಡ ಎಂದು ಲಿಂಗದ ಹೆಸರಿನಲ್ಲಿ ಸುಳ್ಳು ಹೇಳಿ, ನಾನು ಮಿಲ್ಲಿನಲ್ಲಿದ್ದಾಗ ಅದೇ ಲಿಂಗವನ್ನು ತೋಳಿಗೆ ಕಟ್ಟಿಕೊಂಡು ದಾಟಿದ್ದನಲ್ಲ. ಮಗಳು ಒಳಗೆ ಟ್ರೈನಿಂಗ್ ಫಾರ್ಮ್ ತುಂಬುತ್ತಿದ್ದಳು. ಹೊರಗೆ ಬಂದು ಇಬ್ಬರ ಮುಖವನ್ನೂ ನೋಡಿದಳು.

ಹಿರಿಯರ ಮನೆಮನೆಗೆ ಹೋಗಿ ಬೈದೆ. ತಂದೆ ತಿಂದ ಸಕ್ಕರೆ ತಿರುಗಿ ಬರುವುದಿಲ್ಲ ಎಂದರು. ಬೇಸಿಗೆ ಮುಗಿಯುವುದರೊಳಗೆ ಮದುವೆ ಆಯಿತು. ಆ ಮನೆಯಲ್ಲಿ ಮಗಳಿಗೆ ಉಣ್ಣಲು ಉಡಲು ಕಮ್ಮಿಯಾಗಲಿಲ್ಲ, ಆಯಿತೆಂದು ಸುಳ್ಳು ಬರೆಯಲಾರೆ. ಶಾಲೆಯ ಬಾಯಿ ಮಾತ್ರ ಆಗಲಿಲ್ಲ.

ಆರು ತಿಂಗಳಿಗೆ ಸರಿಯಾಗಿ ಇಂಜಿನಿಯರ್ ಡಬ್ಬಿ ಒಯ್ಯಲು ಬಂದ. ಉಪಯೋಗ ಆಯಿತಾ ಎಂದು ಕೇಳಿದ. ಗಂಡ ತಲೆ ತಗ್ಗಿಸಿ ಕೂತಿದ್ದ.

"ಭಾಳ ಉಪಯೋಗ ಆಗ್ಯದರಿ. ಇಲ್ಲೇ ಬಿಟ್ಟು ಹೋಗ್ರಿ. ನಾ ಇನ್ನ ಇವರಿಗಿ ದಾಟಸಂಗಿಲ್ಲ" ಎಂದೆ ನಾನು.

ಚೇಷ್ಟೆ ಎಂದುಕೊಂಡು ಇಂಜಿನಿಯರ್ ನಕ್ಕ, ಡಬ್ಬಿ ಬಿಟ್ಟು ಹೋದ. ಅದು ಕೆಡುವ ತನಕ ನನ್ನ ಗಂಡ ಅದನ್ನೇ ಹಾಕಿಕೊಂಡು ದಾಟಿದ. ಕೆಟ್ಟ ಮೇಲೆ ದಾರಿಯಲ್ಲಿ ಹೋಗುವವರು ದಾಟಿಸಿದರು. ನಾನು ದಾಟಿಸಲಿಲ್ಲ.