ಕೋದಂಡರಾಮಪ್ಪನ ಚಿಪ್ಸು

ಮಾಲೂರು ಸ್ಟೇಷನ್ನಿನಲ್ಲಿ ಮೊದಲು ಚಿಪ್ಸು ಮಾರಿದವನು ಗಂಗುಲಪ್ಪ ಎಂದು ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವನ ಮನೆ ಹಾಳಾಗ! ಉರುಳಗಡ್ಡೆಯ ಸಿಪ್ಪೆ ತೆಗೆಯಲೂ ಅವನಿಗೆ ಬರುತ್ತಿರಲಿಲ್ಲ. ಮೊದಲು ಮಾರಿದವನು ಅವನ ತಮ್ಮ ಕೋದಂಡರಾಮಪ್ಪ, ನನ್ನ ಅಕ್ಕ ಶಾಮಲಮ್ಮನ ಗಂಡ. ಚಿನ್ನದ ಗಣಿಯ ದೊರೆಯೊಬ್ಬನ ಮನೆಯಲ್ಲಿ ಅಡಿಗೆ ಕೆಲಸಕ್ಕಿದ್ದಾಗ ಕಲಿತ ತಿಂಡಿ ಅದು. ಊರಿಗೆ ಬಂದು ಅಕ್ಕನಿಗೆ ಹೇಳಿಕೊಟ್ಟ. ಅಕ್ಕ ಈಳಿಗೆಮಣೆಯ ಮೇಲೆ ಕೂತು ಗಡ್ಡೆಯನ್ನು ಹಪ್ಪಳಕ್ಕಿಂತ ತೆಳ್ಳಗೆ ಹೆಚ್ಚಿ ಕಡಲೆಕಾಯಿ ಎಣ್ಣೆಯಲ್ಲಿ ಕರಿಯುವಳು. ಅವನು ಮುತ್ತುಗದ ಎಲೆಯಲ್ಲಿ ಪೊಟ್ಟಣ ಕಟ್ಟಿ ರೈಲಿನ ಕಿಟಕಿಗೆ ಹಿಡಿಯುವನು.

ಅಕ್ಕ ಗಂಡನ ಹೆಸರನ್ನು ಒಮ್ಮೆಯೂ ಹೇಳಿದವಳಲ್ಲ. ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆಂದು ಆಗ ಯಾವ ಹೆಂಗಸೂ ಹೇಳುತ್ತಿರಲಿಲ್ಲ. ಇವಳದಂತೂ ಅತಿ. ಭಜನೆಯಲ್ಲಿ ರಾಮ ಎಂದು ಬಂದರೂ ತುಟಿ ಬಿಗಿ ಹಿಡಿಯುವಳು. "ದೇವ್ರ ಹೆಸ್ರಿಗೂ ಮಡಿಯೇನೇ ಅಕ್ಕಾ?" ಎಂದು ರೇಗಿಸಿದರೆ ಬೆನ್ನಿಗೆ ಗುದ್ದುವಳು.

ಇಷ್ಟು ಮಾಡಿಯೂ ಆಯಸ್ಸು ಉಳಿಯಲಿಲ್ಲ. ಮೂವತ್ತೆಂಟನೇ ಇಸವಿಯಲ್ಲಿ ಭಾವ ವಾಂತಿಭೇದಿಗೆ ಹೋಗಿಬಿಟ್ಟ. ಕುಂಕುಮ ಬಳೆ ಕಳೆದುಕೊಂಡ ಅಕ್ಕ ಮತ್ತೆ ಅದೇ ಒಲೆಯ ಮುಂದೆ ಕೂತಳು. ಇಬ್ಬರು ಹೆಣ್ಣುಮಕ್ಕಳ ಹೊಟ್ಟೆ ಆ ಬಾಣಲೆಯಿಂದಲೇ ತುಂಬಬೇಕಿತ್ತು. ಸ್ಟೇಷನ್ನಿನಲ್ಲಿ ಕೂಗಿ ಮಾರುವ ಕೆಲಸ ನನ್ನದಾಯಿತು. ಯುದ್ಧ ಬಂದ ಮೇಲೆ ಸಿಪಾಯಿಗಳು ರೈಲು ನಿಲ್ಲುವ ಮೊದಲೇ ಕೋದಂಡರಾಮಪ್ಪನ ಚಿಪ್ಸು ಎಲ್ಲಿ ಎಂದು ಕೇಳುವಷ್ಟು ಹೆಸರಾಯಿತು.

ಆಗ ಗಂಗುಲಪ್ಪನ ಕಣ್ಣು ಬಿತ್ತು. ವ್ಯಾಪಾರ ತನ್ನದು, ತಮ್ಮ ಬರೀ ಕೂಲಿಯಾಳಾಗಿದ್ದ ಎಂದು ಗುಡಿಯ ಮುಂದೆ ಪಂಚಾಯ್ತಿ ಸೇರಿಸಿದ.

"ಪ್ರಮಾಣ ಅವಳೇ ಮಾಡ್ಲಿ. ಕರ್ಪೂರ ಆರೋದ್ರೊಳ್ಗೆ ಗಂಡನ ಹೆಸ್ರೇಳಿ, ವ್ಯಾಪಾರ ಅವನ್ದು ಅನ್ಲಿ. ನಾನು ಎದ್ದೋಗ್ತೀನಿ" ಎಂದ. ಅವಳ ಬಾಯಿಂದ ಆ ಹೆಸರು ಬರುವುದಿಲ್ಲವೆಂದು ಆ ಪಾಪಿಗೆ ಚೆನ್ನಾಗಿ ಗೊತ್ತಿತ್ತು.

ಕರ್ಪೂರ ಹಚ್ಚಿದರು. ಅಕ್ಕ ಸೆರಗು ಹಿಂಡುತ್ತ, "ಈ ಮಕ್ಕಳ ಅಪ್ಪಂದು" ಎಂದಳು.

"ಅಂದ್ರೆ ಯಾರು? ಚೆಪ್ಪಮ್ಮಾ, ಬಾಯ್ಬಿಟ್ಟು ಹೇಳು, ಹೆಸ್ರು ಬೇಕು" ಎಂದ ಪಂಚಾಯ್ತಿಯ ಯಜಮಾನ ವೆಂಕಟರಾಯಪ್ಪ. ಜನ ನಕ್ಕರು. ನಾನು ಹೇಳಲು ಬಾಯಿ ತೆರೆದರೆ ಗದರಿಸಿ ಕೂರಿಸಿದರು. ಉರಿ ಸಣ್ಣಗಾಗುತ್ತಿತ್ತು. ಅಕ್ಕ ಒಮ್ಮೆ ಮಕ್ಕಳ ಕಡೆ ನೋಡಿ ಕಣ್ಣು ಮುಚ್ಚಿಕೊಂಡಳು.

"ಕೋದಂಡರಾಮಪ್ಪ. ವ್ಯಾಪಾರ ಕೋದಂಡರಾಮಪ್ಪಂದು."

ಕರ್ಪೂರ ಇನ್ನೂ ಉರಿಯುತ್ತಿತ್ತು. ಗೆದ್ದೆವೆಂದು ನಾನು ಎದ್ದೇ ನಿಂತೆ.

ವೆಂಕಟರಾಯಪ್ಪ ಪಕ್ಕಕ್ಕೆ ಉಗಿದ. "ಥೂ! ಹತ್ತು ಜನ್ರ ಮುಂದೆ ಗಂಡನ ಹೆಸ್ರು ಹೇಳೋಳು ಇನ್ಯಾವ ಸುಳ್ಳು ಹೇಳಲ್ಲ? ಇಂಥೋಳ ಪ್ರಮಾಣ ನಂಬೋದೆಂಗೆ?"

ಒಲೆ, ಬಾಣಲೆ, ವ್ಯಾಪಾರ ಎಲ್ಲವೂ ಗಂಗುಲಪ್ಪನ ಪಾಲಾಯಿತು. ಹೇಳದಿದ್ದರೂ ಅವನದೇ, ಹೇಳಿದರೂ ಅವನದೇ. ಇದಕ್ಕೆ ನ್ಯಾಯ ಅಂತಾರಂತೆ!

ಅಕ್ಕನನ್ನು ಅವನು ಓಡಿಸಲಿಲ್ಲ, ಅಷ್ಟು ದಡ್ಡನಲ್ಲ. ಕೂಲಿಗಿಟ್ಟುಕೊಂಡ. ಬೆಳಿಗ್ಗೆ ಅವಳೇ ಹೆಚ್ಚಿ ಕರಿಯಬೇಕು, ಮಧ್ಯಾಹ್ನ ಅವಳೇ ರೈಲಿಗೆ ಹೊತ್ತು ಅವನ ಹೆಸರು ಕೂಗಿ ಮಾರಬೇಕು. ಗಂಡನ ಅಣ್ಣನ ಹೆಸರನ್ನೂ ಹೆಂಗಸು ಹೇಳಬಾರದು. ಅವಳು ಹಿಂಜರಿದಾಗ, "ನಾಚ್ಕೆ ಯಾಕಮ್ಮಾ? ಹೆಸ್ರೇಳೋದು ನಿಂಗೆ ಅಭ್ಯಾಸ ಆಯ್ತಲ್ಲ" ಎಂದು ನಗುತ್ತ ಬುಟ್ಟಿಯನ್ನು ತಲೆಯ ಮೇಲಿಟ್ಟ.

ಮದ್ರಾಸಿನ ರೈಲು ಬಂತು. ಅಕ್ಕ ಕಿಟಕಿಯಿಂದ ಕಿಟಕಿಗೆ ಓಡುತ್ತ "ಗಂಗುಲಪ್ಪನ ಚಿಪ್ಸು, ಗಂಗುಲಪ್ಪನ ಚಿಪ್ಸು" ಎಂದು ಕೂಗಿದಳು. ಪಂಚಾಯ್ತಿಯವರು ಅಲ್ಲೇ ನಿಂತಿದ್ದರು, ಒಬ್ಬನೂ ತಪ್ಪೆನ್ನಲಿಲ್ಲ. ವೆಂಕಟರಾಯಪ್ಪ ಅವಳನ್ನು ಕರೆದು ಒಂದು ಪೊಟ್ಟಣ ಕೊಂಡ. ಅಲ್ಲೇ ಬಿಚ್ಚಿ ತಿಂದು, ಉಪ್ಪು ಸರಿಯಾಗಿದೆ ಎಂದ.