ನಕಲಿ ಪಾಸು

ನಮ್ಮ ಚಿಕ್ಕಮ್ಮ ಬಸ್ ಕಂಡಕ್ಟರ್. ನಕಲಿ ಪಾಸು ಹಿಡಿಯುವುದರಲ್ಲಿ ಅವಳದು ಹದ್ದಿನ ಕಣ್ಣು. ಸಿಕ್ಕಿಬಿದ್ದವನು ಮಂತ್ರಿಯ ಭಾವಮೈದನಾದರೂ ನಡುರಸ್ತೆಯಲ್ಲಿ ಇಳಿಸಿದವಳೇ. ಅಂಥವಳ ಎದೆಯಲ್ಲಿ ಕ್ಯಾನ್ಸರ್ ಗಂಟು ಕಾಣಿಸಿಕೊಂಡಾಗ ನಾವೆಲ್ಲ ಅತ್ತುಬಿಟ್ಟೆವು. ಅವಳು ಮಾತ್ರ, “ಹೇಳದೆ ಕೇಳದೆ ನನ್ನೊಳಗೆ ಹತ್ತಿಕೊಂಡೋನ ಮುಖ ನಾನು ನೋಡ್ಬೇಕು” ಎಂದು ಆಸ್ಪತ್ರೆಯಲ್ಲಿ ಪಟ್ಟು ಹಿಡಿದಳು.

ಡಾಕ್ಟರಮ್ಮ ನಗುತ್ತ, ಗಂಟಿನಿಂದ ತೆಗೆದು ಬಣ್ಣ ಹಾಕಿದ್ದ ಚೂರನ್ನು ಮೈಕ್ರೋಸ್ಕೋಪಿನಡಿ ಇಟ್ಟರು. ಚಿಕ್ಕಮ್ಮ ಒಂದು ಕಣ್ಣು ಮುಚ್ಚಿ ಬಗ್ಗಿದಳು.

“ದೊಡ್ಡದಾಗಿ ಕಾಣೋದು ಕ್ಯಾನ್ಸರ್. ಸುತ್ತ ಮುತ್ತಿಕೊಂಡಿರೋ ನೀಲಿ ಚುಕ್ಕಿಗಳು ನಿಮ್ಮನ್ನ ಕಾಯೋ ಜೀವಕೋಶಗಳು.”

“ಇಷ್ಟೂ ಜನ ನನ್ನೋರೇನಾ?” ಚಿಕ್ಕಮ್ಮನ ಮುಖ ಅರಳಿತು. “ಮತ್ತೆ ಯಾಕೆ ಸುಮ್ನೆ ನಿಂತಿದಾರೆ?”

“ಕ್ಯಾನ್ಸರಿನ ಮೈಮೇಲೆ ಕಂದುಬಣ್ಣ ಹಿಡಿದಿದೆಯಲ್ಲ, ಅಲ್ಲಿರೋದು ಒಂದು ಪ್ರೋಟೀನು. ‘ನಾನೂ ನಿಮ್ಮವನೇ’ ಅಂತ ಅದನ್ನ ತೋರಿಸಿ ಇವರನ್ನ ತಡೀತಿದೆ.”

“ನಕಲಿ ಪಾಸು!” ಚಿಕ್ಕಮ್ಮ ತೊಡೆ ತಟ್ಟಿದಳು.

“ಹೂಂ. ಕೀಮೋ ಜೊತೆಗೆ ಕೊಡೋ ಇನ್ನೊಂದು ಔಷಧಿ ಆ ಪಾಸು ನಡೆಯದ ಹಾಗೆ ಮಾಡುತ್ತೆ. ನಿಮ್ಮೋರು ಇಷ್ಟು ಜನ ಸೇರಿರೋದು ಒಳ್ಳೇ ಲಕ್ಷಣ.”

ಹೊರಗೆ ಬಂದವಳೇ ಕಂಡಕಂಡವರಿಗೆಲ್ಲ, “ನನ್ನ ಸಿಬ್ಬಂದೀನ ನೀವು ನೋಡ್ಬೇಕಿತ್ತು” ಎಂದು ಎದೆಯುಬ್ಬಿಸಿ ಹೇಳಿದಳು.

ಮರುವಾರ ನರ್ಸ್ ಬಂದು ಮೊದಲ ಡ್ರಿಪ್ ಹಾಕಿದಳು. ಔಷಧಿ ಹನಿಯತೊಡಗಿದ್ದೇ ತಡ, ಚಿಕ್ಕಮ್ಮ ಮಂಚದ ಕಂಬಿಯನ್ನು ಟಣ್ ಟಣ್ ಎಂದು ಬಡಿದು, ವಾರ್ಡಿಗೆ ವಾರ್ಡೇ ಬೆಚ್ಚುವಂತೆ ತನ್ನವರಿಗೆ ಕೂಗಿ ಹೇಳಿದಳು: “ರೈಟ್, ರೈಟ್!”